ಮಾತಿನ ಹಿಂದೆ ಪಿಟೀಲು: ‘ಪೇರ್ ಗ್ಯುಂಟ್’ ನಾಟಕಕ್ಕೆ ಗ್ರೀಗ್ ಕಟ್ಟಿದ ಸಂಗೀತ

ಹೆನ್ರಿಕ್ ಇಬ್ಸೆನ್ 1867ರಲ್ಲಿ ಪ್ರಕಟಿಸಿದ ‘ಪೇರ್ ಗ್ಯುಂಟ್’ ಓದಲೆಂದೇ ಬರೆದ ಪದ್ಯನಾಟಕ. ನಾರ್ವೆಯ ಬೆಟ್ಟಗಳಿಂದ ಮೊರಾಕ್ಕೊದ ಕಡಲತೀರದವರೆಗೆ ಅಲೆಯುವ ಈ ಕಥೆಯ ನಡುವೆ ‘ಟ್ರೋಲ್’ ಎಂಬ ಬೆಟ್ಟದ ಭೂತಗಳೂ ಬರುತ್ತವೆ. ಅದನ್ನು ರಂಗದ ಮೇಲೆ ತರಬೇಕೆಂದು ಹೊರಟಾಗ ಇಬ್ಸೆನ್‌ಗೆ ಸಂಗೀತ ಬೇಕಾಯಿತು. 1874ರ ಜನವರಿಯಲ್ಲಿ ಎಡ್ವರ್ಡ್ ಗ್ರೀಗ್‌ಗೆ ಪತ್ರ ಬರೆದು, ಎಲ್ಲೆಲ್ಲಿ ಏನೇನು ಬೇಕೆಂದು ವಿವರವಾಗಿ ತಿಳಿಸಿದ. ನಾಲ್ಕನೇ ಅಂಕವನ್ನು ಬಹುಪಾಲು ಕೈಬಿಟ್ಟು, ಕಥಾನಾಯಕ ಪೇರ್‌ನ ದೇಶಾಂತರವನ್ನು ವಾದ್ಯಗಳಲ್ಲೇ ಹೇಳಿಬಿಡಬಹುದೆಂಬ ಸಲಹೆಯೂ ಅದರಲ್ಲಿತ್ತು. ಅದು ನಡೆಯಲಿಲ್ಲ.

ನಾಲ್ಕಾರು ತುಣುಕುಗಳಲ್ಲಿ ಮುಗಿಯುತ್ತದೆಂದು ಗ್ರೀಗ್ ಒಪ್ಪಿಕೊಂಡ. ಕೆಲಸ ಇಪ್ಪತ್ತು ದಾಟಿತು, 1875ರ ಸೆಪ್ಟೆಂಬರ್‌ವರೆಗೂ ಎಳೆಯಿತು. ಸಂಗೀತ ಕಚೇರಿಗೆ ಬರೆಯುವವನು ತನ್ನ ಮನಸ್ಸಿಗೆ ಬಂದಷ್ಟು ವಿಸ್ತರಿಸಬಹುದು. ನಾಟಕಕ್ಕೆ ಬರೆಯುವವನಿಗೆ ಆ ಸ್ವಾತಂತ್ರ್ಯವಿಲ್ಲ. ಯಾವ ತುಣುಕು ಎಷ್ಟು ಹೊತ್ತಿರಬೇಕು, ಯಾವುದರ ನಂತರ ಯಾವುದು ಬರಬೇಕು ಎಂಬುದನ್ನೆಲ್ಲ ರಂಗಮಂದಿರದವರೇ ಗೊತ್ತುಮಾಡಿದ್ದರು. ತೇಪೆ ಹಾಕುವ ಕೆಲಸವಾಯಿತೆಂದು ಗ್ರೀಗ್ ಮುಂದೆ ಗೊಣಗಿದ್ದುಂಟು. ಆದರೆ ಆ ಬಿಗಿಯೇ ಅವನಿಂದ ಒಳ್ಳೆಯದನ್ನು ಹೊರಡಿಸಿತೆಂದು ನನ್ನ ಎಣಿಕೆ.

ಟ್ರೋಲ್‌ಗಳ ದೊರೆಯಾದ ಬೆಟ್ಟದ ರಾಜನ ಸಭೆಯ ಸಂಗೀತವನ್ನೇ ನೋಡಿ. ಇರುವುದು ಒಂದೇ ಚಿಕ್ಕ ಧಾಟಿ. ತಗ್ಗಿನ ಸ್ಥಾಯಿಯಲ್ಲಿ, ಚೆಲ್ಲೋಗಳ ತಂತಿ ಮೀಟಿನಲ್ಲಿ, ಕಳ್ಳಹೆಜ್ಜೆಯಲ್ಲಿ ಶುರುವಾಗುತ್ತದೆ. ಮತ್ತೆ ಮತ್ತೆ ಅದೇ. ಬದಲಾಗುವುದು ವೇಗ, ಗಾತ್ರ, ಸ್ಥಾಯಿ ಮಾತ್ರ. ಪೇರ್‌ನನ್ನು ಕೊಂದುಹಾಕಿ ಎಂದು ಟ್ರೋಲ್‌ಗಳು ಅರಚುವ ಹೊತ್ತಿಗೆ ಇಡೀ ವಾದ್ಯವೃಂದ ಅಬ್ಬರಿಸುತ್ತಿರುತ್ತದೆ. ಇಂದು ಲೋಕವೆಲ್ಲ ಗುನುಗುವ ಈ ತುಣುಕಿನಿಂದ ಸಗಣಿಯ ನಾತ ಬರುತ್ತದೆಂದು ಗ್ರೀಗ್ ಗೆಳೆಯನಿಗೆ ಬರೆದಿದ್ದ.

ನಿಜವಾದ ಜಾಣ್ಮೆ ಮೂರನೇ ಅಂಕದಲ್ಲಿದೆ. ಪೇರ್‌ನ ತಾಯಿ ಓಸೆ ಸಾಯುತ್ತಿದ್ದಾಳೆ. ಮಗನಿಗೆ ಸಾವನ್ನು ಎದುರಿಸುವ ಎದೆಗಾರಿಕೆಯಿಲ್ಲ. ಹಾಸಿಗೆಯ ತುದಿಯಲ್ಲಿ ಕೂತು, ಕುದುರೆ ಕಟ್ಟಿದ ಹಿಮಗಾಡಿಯಲ್ಲಿ ಅವಳನ್ನು ಸ್ವರ್ಗದ ಬಾಗಿಲಿಗೆ ಕರೆದೊಯ್ಯುತ್ತಿರುವಂತೆ ಕಥೆ ಹೂಡುತ್ತಾನೆ. ಮಾತೆಲ್ಲ ನಾಗಾಲೋಟ. ಯಾರೇ ಆದರೂ ಅಲ್ಲಿ ಗೊರಸಿನ ಸದ್ದು, ಗೆಜ್ಜೆಯ ಸದ್ದು ತುಂಬಿಸಿಯಾರು. ಗ್ರೀಗ್ ತುಂಬಿಸಲಿಲ್ಲ. ಬರಿಯ ತಂತಿವಾದ್ಯಗಳು, ಅವಕ್ಕೂ ಸದ್ದಡಗಿಸುವ ಬಿರಡೆ. ಲಯ ಬಹಳ ನಿಧಾನ. ಒಂದು ಸಾಲು ತಡೆತಡೆದು ಮೇಲೇರುತ್ತದೆ, ಆಮೇಲೆ ಅರ್ಧಸ್ವರಗಳಲ್ಲಿ ಜಾರಿ ಇಳಿಯುತ್ತದೆ. ಮಗ ಬಾಯಿ ಬಿಟ್ಟು ಹೇಳದೆ ಮುಚ್ಚಿಡುವುದನ್ನು ಪಿಟೀಲುಗಳು ಹೇಳಿಬಿಡುತ್ತವೆ. ಬಿರಡೆ ಹಾಕಿದ್ದರಿಂದ ನಟನ ಮಾತೂ ಮುಳುಗುವುದಿಲ್ಲ. ಇನ್ನೊಂದು ಉಪಾಯವೂ ಇದೆ: ಇದೇ ಸಂಗೀತ ಅಂಕದ ಆರಂಭದಲ್ಲಿ ಒಮ್ಮೆ ನುಡಿದಿರುತ್ತದೆ. ಸಾವಿನ ದೃಶ್ಯದಲ್ಲಿ ಅದು ಮರಳಿ ಬಂದಾಗ ಪ್ರೇಕ್ಷಕರ ಕಿವಿಗೆ ಹೊಸತಲ್ಲ. ಗಮನವೆಲ್ಲ ತಾಯಿ ಮಗನ ಮೇಲೆ ನಿಲ್ಲುತ್ತದೆ.

ನಾಟಕ 1876ರ ಫೆಬ್ರವರಿ 24ರಂದು ಕ್ರಿಸ್ಟಿಯಾನಿಯಾದಲ್ಲಿ, ಅಂದರೆ ಇಂದಿನ ಓಸ್ಲೋದಲ್ಲಿ, ಮೊದಲ ಪ್ರದರ್ಶನ ಕಂಡಿತು. ಸಂಗೀತ ಬೇಗನೆ ರಂಗದಿಂದ ಕಚೇರಿಗೆ ಜಿಗಿಯಿತು. 1888ರಲ್ಲಿ ಗ್ರೀಗ್ ನಾಲ್ಕು ತುಣುಕು ಆಯ್ದು ಒಂದು ಗುಚ್ಛ ಮಾಡಿದ, ಬಳಿಕ ಇನ್ನೊಂದು. ಮೊದಲ ಗುಚ್ಛದಲ್ಲಿ ಕಥೆಯ ಕ್ರಮವೇ ತಲೆಕೆಳಗು. ನಾಲ್ಕನೇ ಅಂಕದ ‘ಮುಂಜಾವು’ ಮೊದಲು, ಆಮೇಲೆ ಓಸೆಯ ಸಾವು, ಮತ್ತೆ ನಾಲ್ಕನೇ ಅಂಕದ ಅನಿತ್ರಾಳ ನೃತ್ಯ, ಕೊನೆಗೆ ಎರಡನೇ ಅಂಕದ ಬೆಟ್ಟದ ರಾಜ. ಕಚೇರಿಗೆ ಬೇಕಾದ ಏರಿಳಿತ ಬೇರೆ, ಸರಿ.

ಇದರಿಂದ ಒಂದು ತಮಾಷೆಯಾಗಿದೆ. ಕೊಳಲು, ಓಬೋಗಳು ಸರದಿಯಲ್ಲಿ ನುಡಿಸುವ ‘ಮುಂಜಾವು’ ಕೇಳಿದವರು ನಾರ್ವೆಯ ಕಡಲ ಕಣಿವೆಯಲ್ಲಿ ಮಂಜು ಕರಗುವುದನ್ನು ಕಾಣುತ್ತಾರೆ. ನಾಟಕದಲ್ಲಿ ಅದು ಮೊರಾಕ್ಕೊದ ಬೆಳಗು! ನಮ್ಮ ಕಿವಿಗೋ, ಅದರ ಮೊದಲ ಸಾಲು ‘ಪ ಗ ರಿ ಸ ರಿ ಗ’ ಎಂದು ಮೋಹನ ರಾಗದ ಸ್ವರಗಳಲ್ಲೇ ಓಡಾಡುತ್ತದೆ. ಗ್ರೀಗ್‌ಗೆ ಮೋಹನ ಗೊತ್ತಿತ್ತೆಂದಲ್ಲ, ಐದು ಸ್ವರದ ಧಾಟಿಗಳು ಎಷ್ಟೋ ನಾಡುಗಳಲ್ಲಿವೆ.

ನಾಟಕಕ್ಕೆ ಬರೆದ ಪೂರ್ತಿ ಸಂಗೀತ ಅಚ್ಚಾದದ್ದು 1908ರಲ್ಲಿ, ಗ್ರೀಗ್ ತೀರಿಕೊಂಡ ಮರುವರ್ಷ. ಅಲ್ಲಿಯವರೆಗೆ ಹೊರಗಿನವರ ಕೈಗೆ ಸಿಗುತ್ತಿದ್ದದ್ದು ಹೆಚ್ಚಾಗಿ ಆ ಗುಚ್ಛಗಳೇ.