ಆಡುನುಡಿಯ ಇಂಗ್ಲಿಷಿನಲ್ಲಿ ಅನಿಸಿಕೆ ಮತ್ತು ಊಹೆ

ಇಂಗ್ಲಿಷಿನ ಆಡುಮಾತಿನಲ್ಲಿ ‘ಐ ಥಿಂಕ್’ ಎಂಬುದು ಬಹುಮಟ್ಟಿಗೆ ಚಿಂತನೆಯನ್ನು ಸೂಚಿಸುವುದೇ ಇಲ್ಲ. ‘ಐ ಥಿಂಕ್ ಹೀ ಹ್ಯಾಸ್ ಲೆಫ್ಟ್’ ಎನ್ನುವವನು ತನ್ನ ಮನೋವ್ಯಾಪಾರವನ್ನು ವರದಿ ಮಾಡುತ್ತಿಲ್ಲ. ಇನ್ನೊಬ್ಬನು ಹೊರಟುಹೋದ ಸಂಗತಿಯನ್ನೇ ಹೇಳುತ್ತ, ಅದಕ್ಕೆ ತಾನು ಪೂರ್ಣ ಹೊಣೆಯಲ್ಲವೆಂದು ಸೂಚಿಸುತ್ತಾನೆ. ತತ್ತ್ವಜ್ಞ ಜೆ. ಓ. ಅರ್ಮ್ಸನ್ 1952ರ ಲೇಖನವೊಂದರಲ್ಲಿ ಇಂತಹವನ್ನು ಆವರಣ ಕ್ರಿಯಾಪದಗಳೆಂದು ವಿವೇಚಿಸಿದರು. ವ್ಯಾಕರಣವೂ ಇದಕ್ಕೆ ಸಾಕ್ಷಿ. ಈ ವಾಕ್ಯದ ಬೆನ್ನಿಗೆ ಬರುವ ಮರುಪ್ರಶ್ನೆ ‘ಹ್ಯಾಸಂಟ್ ಹೀ?’ ಎಂದಾಗುತ್ತದೆಯೇ ಹೊರತು ‘ಡೋಂಟ್ ಐ?’ ಎಂದಲ್ಲ. ರೂಪದಲ್ಲಿ ಅಧೀನವಾದ ವಾಕ್ಯವೇ ಅರ್ಥದಲ್ಲಿ ಪ್ರಧಾನ.

ನಿಷೇಧದ ಸ್ಥಾನ ಅನುವಾದಕರನ್ನು ಇನ್ನಷ್ಟು ಎಡವಿಸುತ್ತದೆ. ‘ಐ ಡೋಂಟ್ ಥಿಂಕ್ ಹೀ ವಿಲ್ ಕಮ್’ ಎಂಬಲ್ಲಿ ನಿಷೇಧ ‘ಥಿಂಕ್’ಗೆ ಅಂಟಿಕೊಂಡಿದ್ದರೂ ಅನ್ವಯಿಸುವುದು ಬರುವಿಕೆಗೆ. ‘ಅವನು ಬರುತ್ತಾನೆಂದು ನಾನು ಯೋಚಿಸುವುದಿಲ್ಲ’ ಎಂಬ ಅನುವಾದ ಕನ್ನಡವೇ ಅಲ್ಲ. ‘ಅವನು ಬರಲಿಕ್ಕಿಲ್ಲ’ ಎಂದರೆ ಮುಗಿಯಿತು.

‘ಐ ಗೆಸ್’ ಎಂಬುದನ್ನು ಅಮೆರಿಕದ ಹೊಸ ರೂಢಿಯೆಂದು ಬಗೆಯುವವರುಂಟು. ಹದಿನಾಲ್ಕನೆಯ ಶತಮಾನದ ಚಾಸರನಲ್ಲಿಯೇ ಅದು ಹೇರಳವಾಗಿದೆ. ಇಂದು ಅದು ಅನೇಕ ವೇಳೆ ಊಹೆಗಿಂತ ಅರೆಮನಸ್ಸಿನ ಒಪ್ಪಿಗೆ: ‘ಹಾಗೇ ಇರಬೇಕು ಬಿಡಿ’. ‘ಐ ಬೆಟ್’ ಎಂಬಲ್ಲಿ ಪಣವಿಲ್ಲ, ದೃಢವಿಶ್ವಾಸವಷ್ಟೇ ಇದೆ.

ಮುಂದಾಗುವುದನ್ನು ನುಡಿಯುವಾಗ ಆಧಾರದ ಬಗೆಯೂ ಮುಖ್ಯ. ಕಾರ್ಮೋಡವನ್ನು ಕಂಡವರು ‘ಇಟ್ಸ್ ಗೋಯಿಂಗ್ ಟು ರೇನ್’ ಎನ್ನುತ್ತಾರೆ. ಆಡುಮಾತಿನಲ್ಲಿ ಅದು ‘ಗೊನ್ನ’ ಎಂದು ಸವೆಯುತ್ತದೆ. ಕಣ್ಣೆದುರಿನ ಕುರುಹಿಲ್ಲದೆ ತಮ್ಮ ಎಣಿಕೆಯನ್ನಷ್ಟೇ ಹೇಳುವವರು ‘ಐ ಥಿಂಕ್ ಇಟ್ ವಿಲ್ ರೇನ್’ ಎನ್ನುವುದು ಸಾಮಾನ್ಯ. ಇದೇ ‘ವಿಲ್’ ವರ್ತಮಾನದ ಊಹೆಗೂ ಸಲ್ಲುತ್ತದೆ. ಬಾಗಿಲು ಬಡಿದ ಸದ್ದಿಗೆ ‘ದ್ಯಾಟ್ ವಿಲ್ ಬಿ ದ ಪೋಸ್ಟ್‌ಮನ್’ ಎಂದರೆ ‘ಅಂಚೆಯವನೇ ಇರಬೇಕು’ ಎಂದರ್ಥ. ಭವಿಷ್ಯತ್ತಿನ ಸೋಂಕೂ ಇಲ್ಲ.

ಅನಿಸಿಕೆ ತಾನಾಗಿ ಒದಗುವುದೆಂಬ ಭಾವದಲ್ಲಿ ಕನ್ನಡವು ‘ನನಗೆ ಅನಿಸುತ್ತದೆ’ ಎಂದು ಚತುರ್ಥಿಯನ್ನು ಬಳಸುತ್ತದೆ. ಗಡಿಯಾಚೆಯ ಮರಾಠಿ, ಮಲಯಾಳಂ, ತಮಿಳು, ತೆಲುಗುಗಳದೂ ಇದೇ ದಾರಿ. ಸ್ವಾರಸ್ಯವೆಂದರೆ ಇಂಗ್ಲಿಷೂ ಒಂದು ಕಾಲಕ್ಕೆ ಹೀಗೆಯೇ ಇತ್ತು: ಶೇಕ್ಸ್‌ಪಿಯರನ ಪಾತ್ರಗಳಾಡುವ ‘ಮಿಥಿಂಕ್ಸ್’ ಎಂಬುದರಲ್ಲಿನ ‘ಮಿ’ ಚತುರ್ಥಿಯ ಅವಶೇಷ, ಅರ್ಥ ‘ನನಗೆ ತೋರುತ್ತದೆ’.

ಈ ಸೂಕ್ಷ್ಮ ಕ್ಷೇತ್ರಕಾರ್ಯದ ಬರಹಗಳಲ್ಲಿ ತುಟ್ಟಿಯಾಗಿ ಪರಿಣಮಿಸುತ್ತದೆ. ಕನ್ನಡದ ಸಂಭಾವನಾರೂಪಕ್ಕೆ ಇಂಗ್ಲಿಷಿನಲ್ಲಿ ಒಂದೇ ಪದದ ಸಮಾನರೂಪವಿಲ್ಲ. ಕಾಸರಗೋಡಿನ ಹಿರಿಯರೊಬ್ಬರು ‘ಮುಂದಿನ ವರ್ಷ ಕನ್ನಡ ತರಗತಿ ನಿಂತುಹೋದೀತು’ ಎಂದರೆ, ಇಂಗ್ಲಿಷ್ ಪ್ರತಿಯಲ್ಲಿ ಅದು ‘ವಿಲ್ ಸ್ಟಾಪ್’ ಎಂದಾಗಿಬಿಡಬಹುದು. ಆಗ ಅವರ ಅಂಜಿಕೆ ನಿಶ್ಚಿತ ಹೇಳಿಕೆಯಾಗಿ ದಾಖಲಾಗುತ್ತದೆ. ‘ಐ ಆಮ್ ಅಫ್ರೇಡ್ ಇಟ್ ಮೈಟ್ ಸ್ಟಾಪ್’ ಎಂಬ ಆಡುಮಾತೇ ಆ ‘ಹೋದೀತು’ವಿಗೆ ಹೆಚ್ಚು ಹತ್ತಿರ.