ಕಪಾಟುಗಳ ನಡುವಿನ ಕೈಚಳಕ

ಬೆಂಗಳೂರಿನಲ್ಲಿ ಬೆಳಗ್ಗೆ ಎಂಟಕ್ಕೆ ಮೊಬೈಲಿನಲ್ಲಿ ದೋಸೆ ಹಿಟ್ಟು, ಮೊಸರು, ಒಂದು ಕಟ್ಟು ಕೊತ್ತಂಬರಿ ಕೇಳಿದರೆ, ಚಟ್ನಿಗೆ ಕಾಯಿ ತುರಿಯುವಷ್ಟರಲ್ಲಿ ಬಾಗಿಲಿಗೆ ಬಂದಿರುತ್ತವೆ. ಹೊಗಳಿಕೆಯೆಲ್ಲ ಬೈಕಿನವರಿಗೆ ಸಲ್ಲುತ್ತದೆ, ಸಲ್ಲಲಿ. ಆದರೆ ಈ ವೇಗ ಹುಟ್ಟುವುದು ಗಿರಾಕಿಗಳಿಗೆ ಪ್ರವೇಶವಿಲ್ಲದ ಗೋದಾಮಿನಲ್ಲಿ, ಪಿಕ್ಕರ್ ಎಂದು ಕರೆಸಿಕೊಳ್ಳುವ ಹುಡುಗ ಹುಡುಗಿಯರ ಕೈಕಾಲುಗಳಲ್ಲಿ.

ಡಾರ್ಕ್ ಸ್ಟೋರ್ ಎನ್ನುವ ಈ ಗೋದಾಮುಗಳು ಬಡಾವಣೆಗಳ ನಡುವೆಯೇ ಇವೆ; ಸುತ್ತಲಿನ ಎರಡು ಮೂರು ಕಿಲೋಮೀಟರು ಇವುಗಳ ಸೀಮೆ. ದಿನಸಿ ಅಂಗಡಿಯಲ್ಲಿ ಬೇಳೆಯ ಪಕ್ಕ ಬೇಳೆ, ಪುಡಿಯ ಪಕ್ಕ ಪುಡಿ ಇರುತ್ತದೆ. ಇಲ್ಲಿನ ಜೋಡಣೆಗೆ ಬೇರೆಯೇ ಲೆಕ್ಕ. ಹೆಚ್ಚು ಖರ್ಚಾಗುವ ಸಾಮಾನು ಪ್ಯಾಕಿಂಗ್ ಮೇಜಿಗೆ ಹತ್ತಿರ, ಅಪರೂಪಕ್ಕೆ ಹೋಗುವುದು ದೂರದ ಮೂಲೆಗೆ. ಒಂದೇ ಥರ ಕಾಣುವ ಪೊಟ್ಟಣಗಳನ್ನು ಬೇಕೆಂದೇ ಬೇರೆ ಬೇರೆ ಇಡುವುದುಂಟು: ಒಂದೇ ಕಂಪನಿಯ ಸಾರಿನ ಪುಡಿ, ಸಾಂಬಾರ್ ಪುಡಿ ಅಕ್ಕಪಕ್ಕವಿದ್ದರೆ ಅವಸರದ ಕೈ ತಪ್ಪುತ್ತದೆ. ಪ್ರತಿ ಖಾನೆಗೂ ಅಕ್ಷರ, ಅಂಕಿಗಳ ವಿಳಾಸವಿದೆ. ಫೋನು ವಿಳಾಸ ತೋರಿಸುತ್ತದೆ, ಬಾರ್‌ಕೋಡ್ ಸ್ಕ್ಯಾನ್ ಆದರೆ ಮುಂದಿನದು. ಪಳಗಿದವರು ಫೋನು ನೋಡುವ ಮೊದಲೇ ಆ ಕಡೆ ತಿರುಗಿರುತ್ತಾರೆ.

ಸ್ಕ್ಯಾನರಿಗೆ ತಿಳಿಯದ ಸಂಗತಿಗಳೇ ಈ ಕಸುಬಿನ ಜೀವಾಳ. ಕೊತ್ತಂಬರಿ ಕಟ್ಟಿನ ಹೊರಗೆ ಹಸಿರಿದ್ದು ಒಳಗೆ ಕೊಳೆತಿರಬಹುದು. ಅದು ಬೆರಳಿಗೆ ಗೊತ್ತಾಗಬೇಕು. ಹಿಟ್ಟಿನ ಪೊಟ್ಟಣ ಎಷ್ಟು ಉಬ್ಬಿದರೆ ಸರಿ, ಎಷ್ಟಾದರೆ ಹುಳಿ ಎಂಬ ಅಂದಾಜು ಇರಬೇಕು. ತಣ್ಣನೆಯ ಪದಾರ್ಥ ಕೊನೆಗೆ, ಭಾರದ್ದು ತಳಕ್ಕೆ, ಮೊಟ್ಟೆ ಮೇಲಕ್ಕೆ, ಸೋಪಿನ ಪುಡಿ ಬೇರೆ ಚೀಲಕ್ಕೆ. ಇಷ್ಟೂ ಆಗಬೇಕಾದ್ದು ಎರಡು ಮೂರು ನಿಮಿಷದಲ್ಲಿ. ಅಂಗಡಿಗೆ ಹೋದ ನಾವು ಹಿಂದಿನ ಸಾಲಿಗೆ ಕೈ ಹಾಕಿ ಹೊಸ ಮೊಸರು ತೆಗೆಯುತ್ತೇವೆ. ಪಿಕ್ಕರ್ ಮಾತ್ರ ಅವಧಿ ಮೊದಲು ಮುಗಿಯುವುದನ್ನೇ ಮೊದಲು ತೆಗೆಯಬೇಕು. ಗೋದಾಮಿನ ಮಟ್ಟಿಗೆ ಅದೇ ಶಿಸ್ತು. ಆರಿಸುವ ಅವಕಾಶವನ್ನು ನಾವು ಬಿಟ್ಟುಕೊಟ್ಟದ್ದು ಮಾತ್ರ ಸಣ್ಣ ಸಂಗತಿಯಲ್ಲ.

ಬಿಲ್ಲಿನಲ್ಲಿ ಡೆಲಿವರಿ ಚಾರ್ಜು, ಹ್ಯಾಂಡ್ಲಿಂಗ್ ಚಾರ್ಜು, ಮಳೆ ಬಂದರೆ ಇನ್ನೊಂದಿಷ್ಟು. ಸಿಮೆಂಟು ನೆಲದ ಮೇಲೆ ಪಾಳಿಯುದ್ದಕ್ಕೂ ನಿಂತ ಮಂಡಿ, ಶೀತಕೋಣೆಗೆ ಹತ್ತಾರು ಸಲ ಹೊಕ್ಕು ಹೊರಬಂದ ಮೈ ಅದರಲ್ಲಿ ಇರುವುದಿಲ್ಲ. ನಿಂಬೆಹಣ್ಣು ಮರೆತೆವೆಂದು ಕಾಲು ಗಂಟೆ ಬಿಟ್ಟು ಮತ್ತೊಂದು ಆರ್ಡರ್ ಹಾಕಿದರೆ ಮತ್ತೊಮ್ಮೆ ಅದೇ ನಡಿಗೆ, ಮತ್ತೊಂದು ಚೀಲ, ಮತ್ತೊಬ್ಬ ರೈಡರ್, ಮತ್ತಷ್ಟು ಪೆಟ್ರೋಲು. ಪಟ್ಟಿ ಬರೆದುಕೊಂಡು ತಿಂಗಳ ಸಾಮಾನು ತರುತ್ತಿದ್ದ ಮನೆಗಳಿಗೆ ಈ ಮರೆವು ಇಷ್ಟು ಸಲೀಸಾಗಿರಲಿಲ್ಲ.

ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಕಾಯ್ದೆ ತಂದಿತು. ಪ್ರತಿ ವ್ಯವಹಾರದಲ್ಲಿ ಕಾರ್ಮಿಕರಿಗೆ ಸಲ್ಲುವ ಹಣದ ಶೇ 1ರಿಂದ 5ರಷ್ಟನ್ನು ಕಂಪನಿಗಳು ಕಲ್ಯಾಣ ಶುಲ್ಕವಾಗಿ ಕಟ್ಟಬೇಕು. ರೈಡರ್‌ಗಳ ಪಾಲಿಗೆ ಇದು ದೊಡ್ಡ ಆಸರೆ. ಆದರೆ ಗೋದಾಮಿನೊಳಗಿನ ಅನೇಕರು ಗುತ್ತಿಗೆದಾರರ ಮೂಲಕ ಸೇರಿದವರು; ಈ ಆಸರೆ ಅವರಿಗೂ ಸಿಗುತ್ತದೆಂದು ಹೇಳಲಾಗದು. ಆ್ಯಪಿನ ನಕ್ಷೆಯಲ್ಲಿ ರೈಡರ್ ಹೆಸರು, ಫೋನು, ಬೈಕು ಬರುವ ದಾರಿ ಎಲ್ಲವೂ ಕಾಣುತ್ತದೆ. ಕೊತ್ತಂಬರಿ ಆರಿಸಿದವರ ಹೆಸರಿಗೂ ಅಲ್ಲಿ ಜಾಗವಿರಬೇಕು.