ಮಳವಳ್ಳಿ ಬಸ್ಸಿನಲ್ಲಿ ರೋಬೋ ಜಗಳ!

ಸಂಜೆ ಆರರ ಮೇಲೆ ಮಂಡ್ಯದಲ್ಲಿ ಬಸ್ಸು ಹತ್ತಿ ಮದ್ದೂರಿನ ಮೇಲೆ ಮಳವಳ್ಳಿಗೆ ಹೋಗುವವರಿಗೆ ಸೀಟು ಸಿಗುವುದು ಕಷ್ಟ. ವಾದ ಸಿಗುವುದು ಮಾತ್ರ ಕಷ್ಟವಲ್ಲ. ಕಬ್ಬಿನ ರೇಟು, ಕನ್ನಂಬಾಡಿ ಕಟ್ಟೆಯ ನೀರು, ಎಲೆಕ್ಷನ್ನು, ಈ ಮೂರೂ ಮುಗಿದ ಮೇಲೆ ನಾಲ್ಕನೆಯದು ಸಿನಿಮಾ. ಅದರಲ್ಲೂ ಕಾಲೇಜು ಹುಡುಗರು ನಾಲ್ಕು ಜನ ಹಿಂದಿನ ಸೀಟಿನಲ್ಲಿ ಕೂತರೆಂದರೆ ವಿಜ್ಞಾನದ ಸಿನಿಮಾ. ರೋಬೋ, ಟೈಮ್ ಮಷೀನು, ಬೇರೆ ಗ್ರಹದ ಜೀವಿ!

"ಯಾವ್ ಪಿಚ್ಚರ್ ಭಾರಿ?" ಎಂದು ಶುರುವಾದ ಮಾತು ಗೆಜ್ಜಲಗೆರೆ ದಾಟುವಷ್ಟರಲ್ಲಿ "ಯಾರು ಮೊದ್ಲು ಮಾಡಿದ್ದು?" ಎಂಬಲ್ಲಿಗೆ ಹೊರಳುತ್ತದೆ. ಮದ್ದೂರಿನಲ್ಲಿ ವಡೆ ಪೊಟ್ಟಣ ಕಿಟಕಿಯಿಂದ ಒಳಗೆ ಬರುವ ಹೊತ್ತಿಗೆ ಎರಡು ಪಾರ್ಟಿ ಆಗಿರುತ್ತದೆ. ಭಾರತೀನಗರ ಬರುವಾಗ ಕಂಡಕ್ಟರೂ ಒಂದು ಪಾರ್ಟಿ ಸೇರಿರುತ್ತಾರೆ.

ಮೇಲ್ನೋಟಕ್ಕೆ ಇದು ಹೊತ್ತು ಕಳೆಯುವ ಹರಟೆ. ಆದರೆ ಕಿವಿಗೊಟ್ಟು ಕೇಳಿದವರಿಗೆ ಹರಟೆಯ ಹೊಟ್ಟೆಯೊಳಗೆ ಬೇರೊಂದು ಪ್ರಶ್ನೆ ಇರುವುದು ಗೊತ್ತಾಗುತ್ತದೆ. ಮುಂದಿನ ಕಾಲ ಅಂತ ಒಂದು ಬರುತ್ತದಲ್ಲ, ಅದು ಯಾವ ಭಾಷೆಯಲ್ಲಿ ಮಾತಾಡುತ್ತದೆ?

ಎಂಟು ವರ್ಷದ ಲೆಕ್ಕ

ಮೊದಲ ಪಾರ್ಟಿ ಉಪೇಂದ್ರ ಅಭಿಮಾನಿಗಳದ್ದು. ಇವರ ಕೈಯಲ್ಲಿರುವ ತುರುಪು 2002ರ ‘ಹಾಲಿವುಡ್’. ಕಥೆ ಉಪೇಂದ್ರ, ನಿರ್ದೇಶನ ದಿನೇಶ್ ಬಾಬು. ಮನುಷ್ಯನೊಬ್ಬ ತನ್ನದೇ ರೂಪದ ರೋಬೋ ಮಾಡುತ್ತಾನೆ. ಅದು ಹೋಗಿ ಅವನು ಮೆಚ್ಚಿದ ಹುಡುಗಿಯನ್ನೇ ಪ್ರೀತಿಸಲು ಶುರು ಮಾಡುತ್ತದೆ. ಮಾಡಿದವನ ಮೇಲೇ ತಿರುಗಿ ಬೀಳುವ ಯಂತ್ರದ ಕಥೆ.

ಎದುರು ಪಾರ್ಟಿಯ ತುರುಪು ರಜನೀಕಾಂತ್. ಶಂಕರ್ ನಿರ್ದೇಶನದ ತಮಿಳು ‘ಎಂದಿರನ್’ ಬಂದದ್ದು 2010ರಲ್ಲಿ. ಅಲ್ಲಿಯೂ ವಿಜ್ಞಾನಿ ತನ್ನದೇ ರೂಪದ ರೋಬೋ ಮಾಡುತ್ತಾನೆ. ಚಿಟ್ಟಿ ಅಂತ ಅದರ ಹೆಸರು. ಅದೂ ಅವನ ಹುಡುಗಿಯನ್ನೇ ಪ್ರೀತಿಸುತ್ತದೆ!

"ಹತ್ತರಲ್ಲಿ ಎರಡು ಕಳೆಯಿರಿ ಸ್ವಾಮಿ, ಎಂಟು ವರ್ಷ ನಾವೇ ಮುಂದೆ" ಎಂಬುದು ಉಪ್ಪಿ ಪಾರ್ಟಿಯ ಲೆಕ್ಕ. "ಮುಂದೆ ಇದ್ದರೆ ಏನು ಬಂತು? ನಮ್ಮ ರೋಬೋನ ನೋಡಿದವರು ಎಷ್ಟು ಜನ, ಅವರ ಚಿಟ್ಟಿನ ನೋಡಿದವರು ಎಷ್ಟು ಜನ?" ಎಂಬುದು ಎದುರು ಪಾರ್ಟಿಯ ಏಟು. ನೂರು ಕೋಟಿ ಮೀರಿ ಸುರಿದು ತೆಗೆದ ಚಿತ್ರ ಅದು, ದೇಶದ ಉದ್ದಗಲಕ್ಕೂ ಓಡಿತು. ಮೇಲಾಗಿ ರಜನಿ ಬೇರೆ ಊರಿನವರೇನೂ ಅಲ್ಲ, ಬೆಂಗಳೂರಿನ ಬಸ್ಸಿನಲ್ಲಿ ಟಿಕೆಟ್ ಹರಿದವರು. ಈ ಮಾತು ಬಂದಾಗ ಕಂಡಕ್ಟರ್ ಯಾವ ಪಾರ್ಟಿ ಸೇರುತ್ತಾರೆ ಅನ್ನುವುದನ್ನು ಹೇಳಬೇಕಾಗಿಲ್ಲ.

ಆಗ ಮುಂದಿನ ಸೀಟಿನಲ್ಲಿರುವ ಹಿರಿಯರಿಗೂ ಬಾಯಿ ಬರುತ್ತದೆ. "ರೋಬೋ ಗೀಬೋ ಯಾಕ್ರಪ್ಪ, ಅಣ್ಣಾವ್ರ ಸಿಐಡಿ 999 ನೋಡಿದ್ದೀರಾ?" 1968ರ ‘ಜೇಡರ ಬಲೆ’, ಅದೇ ವರ್ಷದ ‘ಗೋವಾದಲ್ಲಿ ಸಿಐಡಿ 999’, 1969ರ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’, 1978ರ ‘ಆಪರೇಷನ್ ಡೈಮಂಡ್ ರಾಕೆಟ್’. ದೊರೆ–ಭಗವಾನ್ ಜೋಡಿಯ ಈ ನಾಲ್ಕನ್ನೂ ಬೆರಳು ಮಡಿಚಿ ಎಣಿಸುತ್ತಾರೆ. ಹುಡುಗರು ಒಪ್ಪುವುದಿಲ್ಲ. ಅದು ಪತ್ತೇದಾರಿ, ವಿಜ್ಞಾನ ಅಲ್ಲ ಎಂದು ತೀರ್ಪು ಕೊಡುತ್ತಾರೆ.

ಇಷ್ಟಕ್ಕೇ ನಿಲ್ಲುವುದಿಲ್ಲ. ಮಂಡ್ಯದ ಸಂತೆ ಮುಗಿಸಿ ಬುಟ್ಟಿ ಇಟ್ಟುಕೊಂಡು ಕೂತ ಅಜ್ಜಿಯರ ಪಾಲಿಗೆ ಎಲ್ಲದಕ್ಕಿಂತ ಮೊದಲನೆಯದು ‘ಮಾಯಾಬಜಾರ್’. 1957ರಲ್ಲಿ ತೆಲುಗಿನಲ್ಲಿ, ತಮಿಳಿನಲ್ಲಿ ಬಂದ ಚಿತ್ರ. ಅದರಲ್ಲಿ ಒಂದು ಪೆಟ್ಟಿಗೆ. ಮುಚ್ಚಳ ತೆಗೆದರೆ ಯಾರು ಪ್ರೀತಿಯೋ ಅವರು ಅದರೊಳಗೆ ಕಾಣುತ್ತಾರೆ, ಮಾತಾಡುತ್ತಾರೆ. ದುಬೈನಲ್ಲಿರುವ ಮೊಮ್ಮಗನನ್ನು ಫೋನಿನಲ್ಲಿ ದಿನಾ ನೋಡುವ ಅಜ್ಜಿಗೆ ಅದು ಪುರಾಣವಲ್ಲ, ವಿಡಿಯೋ ಕಾಲ್! ಹುಡುಗರಿಗೆ ಉತ್ತರ ತೋಚುವುದಿಲ್ಲ.

ಅಜ್ಜಿಗೆ ಆ ಕಥೆ ಇಷ್ಟು ಚೆನ್ನಾಗಿ ನೆನಪಿರುವುದಕ್ಕೆ ಒಂದು ಕಾರಣವಿದೆ. ‘ಮಾಯಾಬಜಾರ್’ ಕನ್ನಡಕ್ಕೆ ಡಬ್ ಆಗಿಯೂ ಬಂದಿತ್ತು. ಇಲ್ಲಿಂದಲೇ ಜಗಳದ ನಿಜವಾದ ಗಂಟು ಶುರು.

ಬೈಪಾಸಿನ ಮೇಲೆ ಹೋದ ಸಿನಿಮಾ

ಮದ್ದೂರಿನವರಿಗೆ ಬೈಪಾಸ್ ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿ ಉದ್ಘಾಟನೆಯಾಯಿತು. ವಡೆ ಅಂಗಡಿ ಮುಂದೆ ನಿಲ್ಲುತ್ತಿದ್ದ ಕಾರುಗಳು ಊರ ಹೊರಗಿಂದಲೇ ಭರ್ರೆಂದು ಹೋಗತೊಡಗಿದವು. ರಸ್ತೆ ಒಳ್ಳೆಯದೇ, ಕಾರಿನವರಿಗೆ ಹೊತ್ತು ಉಳಿಯಿತು. ಅಂಗಡಿಯವರಿಗೆ ಗಿರಾಕಿ ಉಳಿಯಲಿಲ್ಲ.

ವಿಜ್ಞಾನದ ಸಿನಿಮಾಗಳೂ ಕನ್ನಡಕ್ಕೆ ಹೀಗೆಯೇ ಬೈಪಾಸ್ ಹಾಕಿಕೊಂಡು ಹೋದವು ಎಂಬುದು ಬಸ್ಸಿನ ಒಂದು ಪಾರ್ಟಿಯ ವಾದ. 1977ರ ‘ಸ್ಟಾರ್ ವಾರ್ಸ್’ ಬಂತು, 1982ರ ‘ಇ.ಟಿ.’ ಬಂತು, ಎರಡೂ ಇಂಗ್ಲಿಷಿನಲ್ಲಿ. 1991ರಲ್ಲಿ ಸಿಂಗೀತಂ ಶ್ರೀನಿವಾಸರಾವ್ ‘ಆದಿತ್ಯ 369’ ಮಾಡಿದರು. ಕನ್ನಡದಲ್ಲಿ ‘ಹಾಲು ಜೇನು’, ‘ಚಲಿಸುವ ಮೋಡಗಳು’ ಕೊಟ್ಟ ಅದೇ ಸಿಂಗೀತಂ. ಟೈಮ್ ಮಷೀನ್ ಹತ್ತಿ ಕೃಷ್ಣದೇವರಾಯನ ಆಸ್ಥಾನಕ್ಕೇ ಹೋಗಿ ಬರುವ ಕಥೆ. ವಿಜಯನಗರ ನಮ್ಮದು, ಹಂಪಿ ನಮ್ಮದು, ಆದರೆ ಆ ಟೈಮ್ ಮಷೀನ್ ಮಾತಾಡಿದ್ದು ತೆಲುಗು!

ಇನ್ನು 1993ರ ‘ಜುರಾಸಿಕ್ ಪಾರ್ಕ್’. ಮರುವರ್ಷವೇ ಅದು ಹಿಂದಿಯಲ್ಲಿ ಮಾತಾಡಿಕೊಂಡು ಭಾರತದ ಊರೂರು ಸುತ್ತಿತು. ಉತ್ತರದ ಕಡೆ ರಿಕ್ಷಾದವರೂ ತರಕಾರಿಯವರೂ ಡೈನೋಸಾರ್ ಕಥೆ ಅರ್ಥ ಮಾಡಿಕೊಂಡು ನೋಡಿದರು. ನಮ್ಮ ಕಡೆ ಇಂಗ್ಲಿಷ್ ಬಂದವನು ನೋಡಿದ, ಬಾರದವನು ಬಾಯಿ ಬಿಟ್ಟುಕೊಂಡು ನೋಡಿದ.

ಯಾಕೆ ಹೀಗಾಯಿತು? ಕನ್ನಡದಲ್ಲಿ ಡಬ್ಬಿಂಗ್ ಮಾಡಬಾರದೆಂದು ಯಾವ ಸರ್ಕಾರವೂ ಕಾನೂನು ಮಾಡಿರಲಿಲ್ಲ. ಅದು ಚಿತ್ರರಂಗದವರೇ ಹಾಕಿಕೊಂಡ ಕಟ್ಟು. ಅದಕ್ಕೆ ಕಾರಣವೂ ಇತ್ತು. 1960ರ ದಶಕದಲ್ಲಿ ಕನ್ನಡ ಚಿತ್ರಗಳಿಗೆ ಕನ್ನಡದ ನೆಲದಲ್ಲೇ ಥಿಯೇಟರ್ ಸಿಗುವುದು ದುಸ್ತರವಾಗಿತ್ತು. ಅನಕೃ ಅವರಂಥ ಹಿರಿಯರು ಕನ್ನಡಕ್ಕಾಗಿ ಬೀದಿಗಿಳಿದ ಕಾಲ ಅದು. ಮದ್ರಾಸಿನ ದೊಡ್ಡ ಬಂಡವಾಳದ ಚಿತ್ರಗಳು ಕನ್ನಡದ ಮುಖವಾಡ ಹಾಕಿಕೊಂಡು ಬಂದುಬಿಟ್ಟರೆ ನಮ್ಮ ಕಲಾವಿದ, ನಮ್ಮ ಲೈಟ್ ಬಾಯ್, ನಮ್ಮ ಮೇಕಪ್‌ನವರ ಹೊಟ್ಟೆ ಗತಿಯೇನು? ಈ ಪ್ರಶ್ನೆಯಲ್ಲಿ ಸುಳ್ಳೇನೂ ಇರಲಿಲ್ಲ.

ಆದರೆ ಕಟ್ಟು ಅರ್ಧ ಶತಮಾನ ನಡೆಯಿತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ, ಡಬ್ಬಿಂಗ್ ತಡೆಯುವುದು ಸ್ಪರ್ಧಾ ಕಾನೂನಿಗೆ ವಿರುದ್ಧ ಎಂದು ಹೇಳಿ ವಾಣಿಜ್ಯ ಮಂಡಳಿಯೂ ಸೇರಿದಂತೆ ಕೆಲವು ಸಂಘಗಳಿಗೆ ದಂಡ ಹಾಕಿತು. ಆಮೇಲೆ ಬಾಗಿಲು ನಿಧಾನವಾಗಿ ತೆರೆಯಿತು. 2022ರ ‘ಅವತಾರ್: ದ ವೇ ಆಫ್ ವಾಟರ್’ ಕನ್ನಡದಲ್ಲೂ ಬಂತು. ಬೇರೆ ಗ್ರಹದ ನೀಲಿ ಜನ ಕನ್ನಡ ಆಡಿದರು! 2024ರ ‘ಕಲ್ಕಿ 2898 ಎಡಿ’ ಕೂಡ ಕನ್ನಡ ಆಡಿತು.

ಇದು ಒಳ್ಳೆಯದಾಯಿತೋ ಕೆಟ್ಟದಾಯಿತೋ? ಬಸ್ಸು ಇಲ್ಲಿ ಸರಿಯಾಗಿ ಎರಡು ಹೋಳು. "ನಮ್ಮ ಮಕ್ಕಳಿಗೆ ಅರ್ಥ ಆಗ್ತದೆ ತಾನೇ? ಅರ್ಥ ಆದ್ರೆ ನಾಳೆ ಅವ್ರೇ ಒಂದು ಮಾಡ್ತಾರೆ" ಎನ್ನುವವರು ಒಂದು ಕಡೆ. "ಬಾಡಿಗೆ ಬಾಯಲ್ಲಿ ಕನ್ನಡ ಆಡಿಸಿದ್ರೆ ಅದು ಕನ್ನಡ ಸಿನಿಮಾ ಆಗ್ತದಾ? ಬೆಳೆದದ್ದು ಬೇರೆ ಹೊಲದಲ್ಲಿ, ಚೀಲದ ಮೇಲೆ ಮಾತ್ರ ಮಂಡ್ಯದ ಸೀಲು" ಎನ್ನುವವರು ಇನ್ನೊಂದು ಕಡೆ. ಅಕ್ಕಿ ವ್ಯಾಪಾರದವರಿಗೆ ಈ ಎರಡನೆಯ ಮಾತು ಬೇಗ ಹಿಡಿಸುತ್ತದೆ.

ಬಂಗಾಳದ ಕೊಳ

ಇನ್ನೊಬ್ಬರ ಹೊಲದ ಮಾತು ಬಂದಾಗ ಓದಿಕೊಂಡವರು ಸತ್ಯಜಿತ್ ರೇ ಹೆಸರು ತೆಗೆಯುತ್ತಾರೆ. ತೆಗೆಯಲೇಬೇಕಾದ ಹೆಸರು. 1962ರಲ್ಲಿ ರೇ ಬಂಗಾಳಿಯಲ್ಲಿ ಒಂದು ಸಣ್ಣ ಕಥೆ ಬರೆದರು, ಹಳ್ಳಿಯ ಬಡ ಮೇಷ್ಟರಿಗೆ ಬೇರೆ ಗ್ರಹದವನು ಸಿಗುವ ಕಥೆ. ಅದೇ ಎಳೆ ಹಿಡಿದು 1967ರಲ್ಲಿ ‘ದಿ ಏಲಿಯನ್’ ಎಂಬ ಚಿತ್ರಕಥೆ ಸಿದ್ಧ ಮಾಡಿದರು. ಆಕಾಶನೌಕೆ ಬಂದು ಬೀಳುವುದು ನ್ಯೂಯಾರ್ಕಿನಲ್ಲಲ್ಲ, ಬಂಗಾಳದ ಒಂದು ಹಳ್ಳಿಯ ಕೊಳದಲ್ಲಿ. ನೀರಿನಿಂದ ಮೇಲೆದ್ದ ಅದರ ತುದಿ ಕಂಡು ಹಳ್ಳಿ ಜನ ಮುಳುಗಿದ ದೇವಸ್ಥಾನ ಎಂದು ಕೈ ಮುಗಿಯುತ್ತಾರೆ.

ಹಾಲಿವುಡ್ಡಿನ ಕಂಪನಿ ಜೊತೆ ಮಾತುಕತೆ ಆಯಿತು, ಚಿತ್ರ ಮಾತ್ರ ಆಗಲಿಲ್ಲ. 1982ರಲ್ಲಿ ಸ್ಪೀಲ್‌ಬರ್ಗ್ ‘ಇ.ಟಿ.’ ಬಂದಾಗ, ತಮ್ಮ ಚಿತ್ರಕಥೆಯ ಪ್ರತಿಗಳು ಅಮೆರಿಕದಲ್ಲಿ ಓಡಾಡದಿದ್ದರೆ ಅದು ಸಾಧ್ಯವಾಗುತ್ತಿರಲಿಲ್ಲ ಎಂದು ರೇ ಹೇಳಿದರು. ಸ್ಪೀಲ್‌ಬರ್ಗ್ ಒಪ್ಪಲಿಲ್ಲ. ಕಥೆ ಅಲ್ಲಿಗೇ ನಿಂತಿತು.

ಆ ಚಿತ್ರ ಆಗಿದ್ದರೆ? ಆಕಾಶನೌಕೆ ನಮ್ಮಂಥ ಊರಿನ ಕೆರೆಗೂ ಇಳಿಯಬಹುದು ಅನ್ನುವುದು ಐವತ್ತು ವರ್ಷ ಮೊದಲೇ ಗೊತ್ತಾಗುತ್ತಿತ್ತು. ಅದು ಅಮೆರಿಕದ ಸ್ವತ್ತು ಅಂತ ನಮ್ಮ ಹುಡುಗರು ಅಂದುಕೊಳ್ಳುತ್ತಿರಲಿಲ್ಲ.

ಟಾರ್ಚ್ ಬಿಡುವವನ ಕನಸು

ಈ ಅನ್ನಿಸಿಕೆ ಮುರಿದ ಕನ್ನಡ ಚಿತ್ರ ಯಾವುದು ಎಂದರೆ ಭಾರತೀನಗರದ ಆಚೆ ಬಹುತೇಕ ಕೈಗಳು ಒಂದೇ ಚಿತ್ರಕ್ಕೆ ಏಳುತ್ತವೆ: 2013ರ ‘ಲೂಸಿಯಾ’. ಪವನ್ ಕುಮಾರ್ ನಿರ್ದೇಶನ. ಕೋಟ್ಯಧಿಪತಿ ನಿರ್ಮಾಪಕ ಇಲ್ಲ. ನೋಡುವ ಜನರಿಂದಲೇ ಸುಮಾರು 50 ಲಕ್ಷ ಎತ್ತಿ ಮಾಡಿದ ಚಿತ್ರ. ಊರ ಹಬ್ಬಕ್ಕೆ ಚಂದಾ ಎತ್ತಿದ ಹಾಗೆ.

ನಾಯಕ ಸತೀಶ್ ನೀನಾಸಂ, ಮಂಡ್ಯ ಜಿಲ್ಲೆಯವರು. ಹೆಗ್ಗೋಡಿನ ನೀನಾಸಂನಲ್ಲಿ ನಾಟಕ ಕಲಿತು ಬಂದವರು. ಪಾತ್ರ ಯಾವುದು? ಥಿಯೇಟರಿನಲ್ಲಿ ಟಾರ್ಚ್ ಬಿಟ್ಟು ಸೀಟು ತೋರಿಸುವವನು. ನಿದ್ದೆ ಬಾರದವನಿಗೆ ಒಂದು ಮಾತ್ರೆ ಸಿಗುತ್ತದೆ. ನುಂಗಿದರೆ ಬೇಕಾದ ಕನಸು. ಕನಸಿನಲ್ಲಿ ಅವನೇ ದೊಡ್ಡ ಸ್ಟಾರು. ಯಾವುದು ನಿಜ, ಯಾವುದು ಕನಸು ಎಂಬಲ್ಲಿ ಕಥೆಯ ಬಿಗಿ. ಕೊನೆ ಹೇಳುವುದು ನೋಡದವರಿಗೆ ಮೋಸ.

ರೋಬೋ ಇಲ್ಲ, ರಾಕೆಟ್ ಇಲ್ಲ, ಇದು ವಿಜ್ಞಾನದ ಸಿನಿಮಾ ಹೇಗಾದೀತು ಎಂದು ತಕರಾರು ತೆಗೆಯುವವರಿದ್ದಾರೆ. ಇಲ್ಲದ ಒಂದು ಔಷಧಿ ಇದ್ದರೆ ಮನುಷ್ಯ ಏನಾಗುತ್ತಾನೆ ಎಂದು ಕೇಳುವುದೇ ವಿಜ್ಞಾನ ಕಥೆ ಎಂಬುದು ಅವರಿಗೆ ಉತ್ತರ. ಕಬ್ಬಿಣದ ಬೊಂಬೆ ಇರಲೇಬೇಕೆಂದು ಯಾರೂ ಬರೆದಿಟ್ಟಿಲ್ಲ. ಲಂಡನ್ ಭಾರತೀಯ ಚಿತ್ರೋತ್ಸವದಲ್ಲಿ ಪ್ರೇಕ್ಷಕರ ಪ್ರಶಸ್ತಿ ಪಡೆದ ಚಿತ್ರ, 2015ರಲ್ಲಿ ತಮಿಳಿಗೆ ‘ಎನಕ್ಕುಳ್ ಒರುವನ್’ ಆಗಿ ಹೋಯಿತು. ಅಂದರೆ ಈ ಸಲ ಸರಕು ನಮ್ಮ ಕಡೆಯಿಂದ ಆ ಕಡೆಗೆ!

ಅಲ್ಲಿಂದೀಚೆ ಹುಡುಗರ ಪಟ್ಟಿ ಉದ್ದವಾಗಿದೆ. 2024ರಲ್ಲಿ ‘ಬ್ಲಿಂಕ್’ ಬಂತು. ದೀಕ್ಷಿತ್ ಶೆಟ್ಟಿ ನಾಯಕ, ಕಾಲದಲ್ಲಿ ಹಿಂದೆ ಮುಂದೆ ಓಡಾಡುವ ಕಥೆ. ಅದೇ ವರ್ಷ ಡಿಸೆಂಬರ್‌ನಲ್ಲಿ ಉಪೇಂದ್ರರ ‘ಯುಐ’. ಅರ್ಥವಾಯಿತು ಎನ್ನುವವರಿಗೂ ಆಗಲಿಲ್ಲ ಎನ್ನುವವರಿಗೂ ಮಧ್ಯೆ ಇನ್ನೊಂದು ಬಸ್ಸೇ ಬೇಕು.

ಮೊದಲು ಯಾರು, ಉಂಡವರು ಯಾರು?

ಮಳವಳ್ಳಿ ಹತ್ತಿರವಾದಾಗ ಹಿರಿಯರ ಕೊನೆಯ ಮಾತು ಬರುತ್ತದೆ. ಈ ತಾಲ್ಲೂಕಿನಲ್ಲೇ ಇದೆ ಶಿವನಸಮುದ್ರದ ಪವರ್ ಹೌಸ್. 1902ರಲ್ಲಿ ಅಲ್ಲಿ ಕಾವೇರಿ ನೀರಿನಿಂದ ಕರೆಂಟು ತೆಗೆದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದರು. ಆ ಕಾಲಕ್ಕೆ ಜಗತ್ತಿನಲ್ಲೇ ಅತಿ ಉದ್ದದ ಸಾಲುಗಳಲ್ಲೊಂದು. ಸೀಮೆಎಣ್ಣೆ ಬುಡ್ಡಿಯ ಆ ದಿನಗಳಲ್ಲಿ ಇದಕ್ಕಿಂತ ದೊಡ್ಡ ವಿಜ್ಞಾನ ಸಿನಿಮಾ ಬೇಕೇ?

ಏಷ್ಯಾದಲ್ಲೇ ಮೊದಲು ಎಂದು ಎದೆ ತಟ್ಟುವವರಿಗೆ, 1897ರಲ್ಲೇ ಡಾರ್ಜಿಲಿಂಗಿನಲ್ಲಿ ನೀರಿನಿಂದ ಕರೆಂಟು ಬಂದಿತ್ತು ಎಂದು ಹಿಂದಿನ ಸೀಟಿನ ಹುಡುಗ ನೆನಪಿಸುತ್ತಾನೆ. ಅದು ನಿಜ. ಆದರೆ ಹಿರಿಯರ ಮಾತು ಬೇರೆ. ಕರೆಂಟು ಮೊದಲು ಹೋದದ್ದು ಚಿನ್ನದ ಗಣಿಗೆ, 1905ಕ್ಕೆ ಬೆಂಗಳೂರಿಗೆ. ತಂತಿಯ ಕೆಳಗಿದ್ದ ಹಳ್ಳಿಗಳಿಗೆ ದೀಪ ಬರಲು ದಶಕಗಳೇ ಹಿಡಿದವು. ನಮ್ಮ ಹೊಳೆ, ನಮ್ಮ ನೆಲ, ಬೆಳಕು ಮಾತ್ರ ತಲೆ ಮೇಲಿಂದ ಹಾದು ಹೋಯಿತು.

ಹಾಗಾಗಿ ಯಾರು ಮೊದಲು ಎಂಬ ಜಗಳದಲ್ಲಿ ಗೆದ್ದರೂ ಹೊಟ್ಟೆ ತುಂಬುವುದಿಲ್ಲ. ‘ಹಾಲಿವುಡ್’ ಮೊದಲೋ ‘ಎಂದಿರನ್’ ಮೊದಲೋ ಎಂಬುದು ಎಂಟು ವರ್ಷದ ಲೆಕ್ಕ. ಮನೆಯಲ್ಲಿ ದೀಪ ಉರಿಯಿತೇ ಎಂಬುದು ಬೇರೆ ಲೆಕ್ಕ. ಮಂಡ್ಯದ ಹುಡುಗಿಯೊಬ್ಬಳು ರೋಬೋ ಕಥೆಯನ್ನು ತನ್ನ ಮಾತಿನಲ್ಲಿ ನೋಡಿ, ತನ್ನ ಮಾತಿನಲ್ಲಿ ಯೋಚಿಸಿ, ತನ್ನ ಊರಿನ ಕೆರೆಗೆ ಆಕಾಶನೌಕೆ ಇಳಿಸುವ ದಿನ ಬಂದರೆ ಆಗ ವಾದ ಮುಗಿದಂತೆ. ಅದಕ್ಕೆ ಡಬ್ಬಿಂಗ್ ದಾರಿಯೋ, ಚಂದಾ ಎತ್ತಿದ ‘ಲೂಸಿಯಾ’ ದಾರಿಯೋ, ಎರಡೂ ಬೇಕೋ ಎಂಬುದನ್ನು ಬಸ್ಸಿನವರು ಇನ್ನೂ ತೀರ್ಮಾನ ಮಾಡಿಲ್ಲ.

ತೀರ್ಮಾನ ಆಗುವ ಹೊತ್ತಿಗೆ ಮಳವಳ್ಳಿ ಸ್ಟ್ಯಾಂಡು ಬಂದಿರುತ್ತದೆ. ಕಂಡಕ್ಟರ್ ಸೀಟಿ ಊದುತ್ತಾರೆ. "ಇಳೀರಪ್ಪ ಇಳೀರಿ, ಟೈಮ್ ಮಷೀನು ಡಿಪೋಗೆ ಹೋಗ್ಬೇಕು!"